ಮಾಸಿದ ಸೀರೆಯವಳು ಯಾರು?

ಕನ್ನಡದಲ್ಲಿ ಒಂದು ಗಾದೆಯಿದೆ. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಅದನ್ನು ಅಚ್ಚು ಹಾಕಬಹುದೇ ಎಂದು ಸಂಪಾದಕರು ಒಂದು ಗಳಿಗೆ ಯೋಚಿಸಿಯಾರು. ಆದರೂ ಬರೆಯುತ್ತೇವೆ: ಹೂಸಿದವರು ಯಾರು ಎಂದರೆ ಮಾಸಿದ ಸೀರೆಯವಳು.

ಕೇಳಿದವರು ಮೊದಲು ನಗುತ್ತಾರೆ. ನಕ್ಕ ಮೇಲೆ ಯೋಚಿಸುವವರು ಕಡಿಮೆ. ಹತ್ತು ಜನ ಕೂತಲ್ಲಿ ಯಾರದೋ ಹೊಟ್ಟೆ ಮರ್ಯಾದೆ ತಪ್ಪಿದೆ. ಅದು ಜರಿ ಶಲ್ಯ ಹೊದ್ದ ಯಜಮಾನನದ್ದಿರಬಹುದು, ಗಿರಣಿ ಮಾಲೀಕನದ್ದಿರಬಹುದು, ನಿನ್ನೆಯಷ್ಟೇ ಮದುವೆಯೂಟ ಉಂಡು ಬಂದ ನಮ್ಮ ನಿಮ್ಮಂಥವರದ್ದೂ ಇರಬಹುದು. ಆದರೆ ಎಲ್ಲರ ಕಣ್ಣೂ ಒಮ್ಮೆಲೇ ತಿರುಗುವುದು ಬಾಗಿಲ ಬಳಿ ಮುದುಡಿ ಕೂತ ಕೂಲಿ ಹೆಂಗಸಿನ ಕಡೆಗೆ. ಅವಳ ಸೀರೆ ಮಾಸಿದೆ, ಆದ್ದರಿಂದ ವಾಸನೆಯೂ ಅವಳದ್ದೇ. ಅವಳು ಅಲ್ಲವೆಂದರೆ ಯಾರೂ ನಂಬುವುದಿಲ್ಲ. ಒಂದೇ ಸಾಲಿನಲ್ಲಿ ನಮ್ಮ ಸಮಾಜಶಾಸ್ತ್ರವನ್ನೆಲ್ಲ ಹೇಳಿ ಮುಗಿಸಿದ ಗಾದೆಯಿದು. ದೇಹದ ಬಾಧೆ ಎಲ್ಲರದ್ದು. ನಾಚಿಕೆ ಮಾತ್ರ ಬಡವರ ಪಾಲಿಗೆ, ಅದರಲ್ಲೂ ಹೆಂಗಸರ ಪಾಲಿಗೆ.

ದೇಹದ ಸಂಗತಿಗಳನ್ನು ಕುರಿತ ನಮ್ಮ ನಗೆಯೂ ನಮ್ಮ ಮೌನವೂ ತಪ್ಪು ಜಾಗದಲ್ಲಿವೆ ಎಂಬುದು ನಮ್ಮ ದೂರು. ಮಾತಾಡಬೇಕಾದ ಕಡೆ ನಾವು ಬಾಯಿ ಮುಚ್ಚುತ್ತೇವೆ, ಬಾಯಿ ಮುಚ್ಚಬೇಕಾದ ಕಡೆ ಹಲ್ಲು ಕಿರಿಯುತ್ತೇವೆ.

ನಮ್ಮ ರಾಯಚೂರು, ಕೊಪ್ಪಳದ ಸೀಮೆ ನಗೆಗೆ ಹೆಸರಾದದ್ದು. 'ಗಂಗಾವತಿ ಬೀಚಿ' ಎಂದು ನಾಡೆಲ್ಲ ಕರೆಯುವ ಪ್ರಾಣೇಶರು ಈ ನೆಲದವರೇ. ಹಾಸ್ಯ ಸಂಜೆ ಎಂದರೆ ನಮ್ಮ ಕಡೆ ಜಾತ್ರೆಯಷ್ಟೇ ಜನ ಸೇರುತ್ತಾರೆ. ನಗಿಸುವವರ ಮೇಲೆ ನಮ್ಮ ಜಗಳವಿಲ್ಲ. ಆದರೆ ಊರೂರಿನ ಗ್ಯಾದರಿಂಗುಗಳಲ್ಲಿ, ಸಿನಿಮಾಗಳಲ್ಲಿ, ಈಗ ಮೊಬೈಲಿನಲ್ಲಿ ಹರಿದಾಡುವ ತುಣುಕುಗಳಲ್ಲಿ ಒಂದು ಪಾತ್ರ ತಪ್ಪದೆ ಬರುತ್ತದೆ: ಚರಗಿ ಹಿಡಿದು ಹೊರಟ ಹಳ್ಳಿಯವನು. ಅವನು ವೇದಿಕೆಗೆ ಬಂದರೆ ಸಾಕು, ಮಾತೇ ಬೇಕಿಲ್ಲ, ಸಭೆ ಗೊಳ್ಳೆನ್ನುತ್ತದೆ. ಆ ನಗೆಯಲ್ಲಿ ಅರ್ಧ ಪಾಲು ನೆನಪು; ನಮ್ಮಲ್ಲಿ ಬಹುತೇಕರು ಅದೇ ಚರಗಿ ಹಿಡಿದು ಬೆಳೆದವರು. ಇನ್ನರ್ಧ ಪಾಲು ಮಾತ್ರ, ಈಗ ನಮ್ಮ ಮನೆಯಲ್ಲಿ ಟೈಲ್ಸ್ ಹಾಕಿದ ಸಂಡಾಸ ಇದೆ ಎಂಬ ಹೆಮ್ಮೆಯ ನಗು.

ಅದೇ ಚರಗಿ ಹೆಂಗಸಿನ ಕೈಯಲ್ಲಿದ್ದರೆ ಅದು ಬೇರೆ ಕಥೆ. ಸಿಂಧನೂರು, ಮಸ್ಕಿ ಸೀಮೆಯ ಬಳಗಾನೂರಿನಂಥ ಊರುಗಳ ಹೊರವಲಯದ ರಸ್ತೆಯಲ್ಲಿ ಕತ್ತಲಾದ ಮೇಲೆ ಬಸ್ಸಿನಲ್ಲೋ ಬೈಕಿನಲ್ಲೋ ಓಡಾಡಿದವರಿಗೆಲ್ಲ ಗೊತ್ತಿರುವ ನೋಟವೊಂದಿದೆ. ಗಾಡಿಯ ದೀಪ ಬಿದ್ದೊಡನೆ ರಸ್ತೆ ಪಕ್ಕದಲ್ಲಿ ಸಾಲಾಗಿ ಕೂತಿದ್ದ ಹೆಂಗಸರು ತಟ್ಟನೆ ಎದ್ದು ನಿಲ್ಲುತ್ತಾರೆ. ಸೆರಗು ಮುಖದ ಮೇಲೆ. ಗಾಡಿ ಹೋದ ಮೇಲೆ ಮತ್ತೆ ಕೂರುತ್ತಾರೆ. ಇನ್ನೊಂದು ಗಾಡಿ, ಮತ್ತೆ ಏಳುತ್ತಾರೆ. ಗಾಡಿಯೊಳಗಿನ ಹುಡುಗರು ಕೇಕೆ ಹಾಕಿದ್ದನ್ನೂ ಕೇಳಿದ್ದೇವೆ, 'ಗಾರ್ಡ್ ಆಫ್ ಆನರ್' ಎಂದು ದೊಡ್ಡವರು ನಕ್ಕದ್ದನ್ನೂ ಕೇಳಿದ್ದೇವೆ. ಜಗತ್ತಿನಲ್ಲಿ ಇದಕ್ಕಿಂತ ಹೇಸಿಗೆಯ ಹಾಸ್ಯ ಇನ್ನೊಂದಿರಲಾರದು.

ಇವರೇಕೆ ರಸ್ತೆ ಬದಿಗೆ ಬಂದರು ಎಂದು ನಕ್ಕವರು ಕೇಳಿಕೊಳ್ಳಬೇಕಿತ್ತು. ತುಂಗಭದ್ರೆಯ ಎಡದಂಡೆ ಕಾಲುವೆ ಈ ಸೀಮೆಯ ಬದುಕನ್ನೇ ಬದಲಿಸಿತು. ನೀರು ತಲುಪಿದ ಕಡೆ ಎರೆ ಹೊಲಗಳು ಭತ್ತದ ಗದ್ದೆಗಳಾದವು. ಜಾಲಿ ಗಿಡ ಕಡಿದು, ಬಣವಿ ಹಾಕುತ್ತಿದ್ದ ಬಯಲು ಹೊಡೆದು, ಅಂಗುಲ ಅಂಗುಲವನ್ನೂ ಸಾಗುವಳಿಗೆ ತಂದರು. ಎಕರೆಯ ಬೆಲೆ ಏರಿತು, ಅಕ್ಕಿ ಗಿರಣಿಗಳು ಎದ್ದವು. ಆದರೆ ಭೂಮಿಯಿಲ್ಲದವರ ಹೆಂಗಸರಿಗೆ ಕೂರಲು ಒಂದು ಮರೆ ಉಳಿಯಲಿಲ್ಲ. ವರ್ಷದ ಬಹುಪಾಲು ಗದ್ದೆಯಲ್ಲಿ ಕೆಸರು, ಬದುವಿನಲ್ಲಿ ಹಾವು, ಒಡೆಯನ ಬೈಗುಳ ಬೇರೆ. ಒಣಗಿದ ಜಾಗವೆಂದು ಉಳಿದದ್ದು ಕಾಲುವೆಯ ಏರಿ ಮತ್ತು ರಸ್ತೆಯ ಅಂಚು. ಹಸಿರು ಬಂದದ್ದನ್ನು ಹೊಗಳಿದ ಎಷ್ಟೋ ಲೇಖನಗಳನ್ನು ಓದಿದ್ದೇವೆ. ಹಸಿರು ಬಂದ ಮೇಲೆ ಹೆಂಗಸರು ಎಲ್ಲಿಗೆ ಹೋದರು ಎಂದು ಕೇಳಿದ ಲೇಖನ ನಮ್ಮ ಕಣ್ಣಿಗೆ ಬಿದ್ದಿಲ್ಲ. ಕೇಳುವುದಕ್ಕೆ ನಾಚಿಕೆ!

ನಾಚಿಕೆ ಇರಬಾರದೆಂದು ನಾವು ವಾದಿಸುತ್ತಿಲ್ಲ. ಭಾಷೆಗಳು ಇಂಥ ಕಡೆ ಮರೆ ಹುಡುಕುವುದು ಸಹಜ. ಹಳೆಯ ಗದ್ಯದವರು ಬಹಿರ್ದೆಸೆಗೆ ಹೋದರು, ನಮ್ಮ ಹಿರಿಯರು ಬಯಲಕಡೆ ಹೋದರು, ಶಾಲೆಯ ಮಕ್ಕಳು ಒಂದಕ್ಕೆ ಎರಡಕ್ಕೆ ಎಂದು ಬೆರಳೆತ್ತಿದರು. ನಮ್ಮ ಮನೆಗಳ ದಖ್ಖನಿಯಲ್ಲಿ 'ಜಂಗಲ್' ಹೋಗುವುದು. ಊರ ಸುತ್ತ ಹತ್ತು ಹರದಾರಿಯೊಳಗೆ ಜಂಗಲ್ ಇಲ್ಲದಿದ್ದರೂ ಮಾತು ಉಳಿದಿದೆ. ಮುಟ್ಟಿಗೆ ಕಾಗೆಯ ಹೆಸರು ಹೇಳಿದರು, ಹೊರಗಾದಳು ಎಂದರು. ಅಷ್ಟೇಕೆ, ಪವಿತ್ರ ಕುರ್‌ಆನ್ ವುಝೂವಿನ ವಿಧಿಯನ್ನು ಹೇಳುವಾಗ ಬಳಸಿದ ಪದ 'ಗಾಯಿತ್'. ಅರಬಿಯಲ್ಲಿ ಅದರ ಮೂಲಾರ್ಥ ತಗ್ಗಾದ ನೆಲ. ಮರೆಗಾಗಿ ಜನ ತಗ್ಗು ಹುಡುಕಿ ಹೋಗುತ್ತಿದ್ದುದರಿಂದ ಆ ನೆಲದ ಹೆಸರೇ ಕ್ರಿಯೆಯ ಹೆಸರಾಯಿತು. ಮರುಭೂಮಿಯವರ ತಗ್ಗಿಗೂ ನಮ್ಮವರ ಬಯಲಿಗೂ ಎಂಥ ನೆಂಟಸ್ತಿಕೆ ನೋಡಿ! ಆದರೆ ಗಮನಿಸಬೇಕಾದದ್ದು ಮುಂದಿನದು. ಪದಕ್ಕೆ ಮರೆ ಕೊಟ್ಟ ಅದೇ ವಚನ ವಿಷಯವನ್ನು ಬಿಡಲಿಲ್ಲ. ಅಲ್ಲಿಂದ ಬಂದವರು ಏನು ಮಾಡಬೇಕು, ನೀರು ಸಿಗದಿದ್ದರೆ ಏನು ಮಾಡಬೇಕು ಎಂಬುದನ್ನು ಸ್ಪಷ್ಟವಾಗಿ ಹೇಳಿತು. ಮಾತಿಗೆ ಮುಸುಕು ಹಾಕುವುದು ಬೇರೆ, ಮಾತನ್ನೇ ಹೂಳುವುದು ಬೇರೆ.

ಪ್ರವಾದಿ ಮುಹಮ್ಮದ್(ಸ)ರ ಕಾಲದಲ್ಲೂ ಈ ವಿಷಯ ಹಿಡಿದು ಗೇಲಿ ಮಾಡಿದವರಿದ್ದರು. ನಿಮ್ಮ ಪ್ರವಾದಿ ಸಂಡಾಸಕ್ಕೆ ಕೂರುವುದನ್ನೂ ಕಲಿಸುತ್ತಾರಂತೆ ಎಂದು ವಿರೋಧಿಗಳು ಹಝ್ರತ್ ಸಲ್ಮಾನ್ ಫಾರಿಸಿ(ರ)ಯವರನ್ನು ಚುಚ್ಚಿದರು. ಸಲ್ಮಾನರು ಮುಖ ಕೆಂಪಗೆ ಮಾಡಿಕೊಳ್ಳಲಿಲ್ಲ. ಹೌದು, ಕಲಿಸುತ್ತಾರೆ ಎಂದು ಒಪ್ಪಿ, ಯಾವ ದಿಕ್ಕಿಗೆ ಕೂರಬಾರದು, ಯಾವ ಕೈ ಬಳಸಬಾರದು, ಯಾವುದರಿಂದ ಶುಚಿ ಮಾಡಿಕೊಳ್ಳಬಾರದು ಎಂದು ಒಂದೊಂದಾಗಿ ಎಣಿಸಿ ಹೇಳಿದರು. ಸಹೀಹ್ ಮುಸ್ಲಿಮ್‌ನಲ್ಲಿ ಈ ವರದಿಯಿದೆ. ಗೇಲಿ ಮಾಡಿದವನು ಇನ್ನೇನು ಹೇಳಿಯಾನು? ನೀರಿನ ತಾಣ, ಜನ ನಡೆಯುವ ದಾರಿ, ದಣಿದವರು ಕೂರುವ ನೆರಳು, ಈ ಮೂರನ್ನು ಹೊಲಸು ಮಾಡುವುದು ಶಾಪಕ್ಕೆ ಕಾರಣವೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದು ಅಬೂದಾವೂದ್‌ನಲ್ಲಿದೆ. ಹದಿನಾಲ್ಕು ಶತಮಾನದ ಹಿಂದಿನ ಈ ಮಾತಿನಲ್ಲಿ ಇಂದಿನ ನೈರ್ಮಲ್ಯ ಇಲಾಖೆಯ ಅರ್ಧ ಕೈಪಿಡಿ ಅಡಗಿದೆ.

ಇನ್ನು ನಗೆಯ ವಿಷಯ. ಸಹೀಹ್ ಬುಖಾರಿಯ ಒಂದು ವರದಿಯಂತೆ, ಪ್ರವಾದಿ(ಸ) ಒಂದು ಪ್ರವಚನದಲ್ಲಿ ಹೆಂಡತಿಯನ್ನು ಗುಲಾಮಳಂತೆ ಹೊಡೆದು ಅದೇ ದಿನ ಅವಳ ಹಾಸಿಗೆಗೆ ಹೋಗುವ ಗಂಡಸರನ್ನು ತರಾಟೆಗೆ ತೆಗೆದುಕೊಂಡರು. ಅದರ ಬೆನ್ನಿಗೇ, ಒಬ್ಬನ ಅಪಾನವಾಯು ಹೋದದ್ದಕ್ಕೆ ಉಳಿದವರು ನಗುವುದನ್ನು ಖಂಡಿಸಿದರು. ತಾನೂ ಮಾಡುವ ಕೆಲಸಕ್ಕೆ ಮನುಷ್ಯ ಏಕೆ ನಗಬೇಕು ಎಂದು ಕೇಳಿದರು. ಈ ಎರಡು ಮಾತು ಒಂದೇ ಪ್ರವಚನದಲ್ಲಿ ಬಂದದ್ದು ನಮಗೆ ಆಕಸ್ಮಿಕವಾಗಿ ಕಾಣುವುದಿಲ್ಲ. ಕೈಲಾಗದವರನ್ನು ಹೊಡೆಯುವುದು ಒಂದು ಬಗೆಯ ದರ್ಪ, ಕೈಲಾಗದ ಗಳಿಗೆಯಲ್ಲಿ ಮನುಷ್ಯನನ್ನು ನೋಡಿ ನಗುವುದು ಇನ್ನೊಂದು ಬಗೆಯದು. ಮಾಸಿದ ಸೀರೆಯವಳ ಗಾದೆಗೆ ಅಂದೇ ಉತ್ತರ ಸಿಕ್ಕಿತ್ತು. ಸಾಮೂಹಿಕ ನಮಾಝಿನಲ್ಲಿ ವುಝೂ ಮುರಿದವನು ಮೂಗು ಹಿಡಿದುಕೊಂಡು ಸಾಲಿನಿಂದ ಹೊರಗೆ ಹೋಗಲಿ ಎಂಬ ಸೂಚನೆಯೂ ಇದೆ. ನೋಡಿದವರು ಮೂಗಿನಿಂದ ರಕ್ತ ಬಂತೇನೋ ಎಂದುಕೊಳ್ಳುತ್ತಾರೆ, ಅವನ ಮಾನ ಉಳಿಯುತ್ತದೆ ಎಂದು ವಿದ್ವಾಂಸರು ಇದನ್ನು ವಿವರಿಸಿದ್ದಾರೆ. ಮಸೀದಿಯೊಳಗೇ ಮೂತ್ರ ಮಾಡಿದ ಹಳ್ಳಿಗನನ್ನು ಹೊಡೆಯಲು ಎದ್ದವರನ್ನು ತಡೆದು, ಅವನು ಮುಗಿಸುವವರೆಗೆ ಕಾಯಿಸಿ, ಒಂದು ಬಕೆಟ್ ನೀರು ಸುರಿಸಿದ ಪ್ರಸಂಗ ನಮ್ಮ ಮಕ್ಕಳಿಗೂ ಗೊತ್ತು. ಪ್ರವಾದಿಯವರ(ಸ) ತಾಳ್ಮೆಯ ಕಥೆಯೆಂದು ಅದನ್ನು ಹೇಳುತ್ತೇವೆ. ಅದು ಹಳ್ಳಿಗನ ಮಾನದ ಕಥೆಯೂ ಹೌದು.

ಸ್ತ್ರೀಯರು ಇನ್ನೂ ಮುಂದೆ ಹೋದರು. ಉಮ್ಮು ಸುಲೈಮ್(ರ) ಎಲ್ಲರ ಪರವಾಗಿ ಬಂದು, ಸತ್ಯ ಹೇಳಲು ಅಲ್ಲಾಹನು ಸಂಕೋಚಪಡುವುದಿಲ್ಲ ಎಂಬ ಪೀಠಿಕೆ ಹಾಕಿ, ಹೆಣ್ಣಿಗೆ ಸ್ವಪ್ನಸ್ಖಲನವಾದರೆ ಸ್ನಾನ ಕಡ್ಡಾಯವೇ ಎಂದು ನೇರವಾಗಿ ಕೇಳಿದರು. ಪಕ್ಕದಲ್ಲಿದ್ದ ಉಮ್ಮು ಸಲಮಾ(ರ) ಮುಖ ಮುಚ್ಚಿಕೊಂಡರು. ಪ್ರವಾದಿ(ಸ) ಮುಖ ಮುಚ್ಚಿಕೊಳ್ಳಲಿಲ್ಲ, ಉತ್ತರ ಕೊಟ್ಟರು. ಧರ್ಮ ತಿಳಿಯಲು ನಾಚಿಕೆ ಅಡ್ಡ ಬರಗೊಡದ ಅನ್ಸಾರಿ ಸ್ತ್ರೀಯರನ್ನು ಹಝ್ರತ್ ಆಯಿಶಾ(ರ) ಮೆಚ್ಚಿ ಮಾತಾಡಿದ್ದಾರೆ. ಸ್ವತಃ ಕೇಳಲು ಸಂಕೋಚವಾದಾಗ ಹಝ್ರತ್ ಅಲೀ(ರ) ಇನ್ನೊಬ್ಬರ ಮೂಲಕ ಕೇಳಿಸಿದರು. ಪ್ರವಾದಿಯವರ ಅಳಿಯನಲ್ಲವೇ, ಆ ಸಂಕೋಚ ಅರ್ಥವಾಗುವಂಥದ್ದೇ. ಆದರೆ ಪ್ರಶ್ನೆಯನ್ನು ಅವರು ಕೈಬಿಡಲಿಲ್ಲ.

ಈಗ ನಮ್ಮ ಮಸೀದಿ, ಮದ್ರಸ, ಮನೆಗಳ ಕಡೆ ನೋಡೋಣ. ಮದ್ರಸದ ಹುಡುಗರಿಗೆ ಇಸ್ತಿಂಜಾದ ಮಸಾಯಿಲ್ ಬಾಯಿಪಾಠ. ಯಾವ ಕಾಲು ಮೊದಲು, ಯಾವ ದುಆ, ಎಷ್ಟು ಕಲ್ಲು, ಎಲ್ಲವೂ ಗೊತ್ತು. ಆದರೆ ಹನ್ನೆರಡು ವರ್ಷದ ಹುಡುಗಿಗೆ ಮೊದಲ ಸಲ ರಕ್ತ ಕಂಡಾಗ ಅದು ಕಾಯಿಲೆಯಲ್ಲ ಎಂದು ಹೇಳುವವರಿಲ್ಲದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಮ್ಮ ಒಂದು ಹಳೆಯ ಬಟ್ಟೆ ಕೊಟ್ಟು 'ಯಾರಿಗೂ ಹೇಳಬೇಡ' ಎನ್ನುತ್ತಾಳೆ. ಹುಡುಗಿಯ ಪಾಲಿಗೆ ಅದೇ ಮೊದಲ ಪಾಠ, ಅದೇ ಕೊನೆಯದು. ಆ ಬಟ್ಟೆಯನ್ನು ಒಗೆದು ಬಿಸಿಲಿಗೆ ಹಾಕುವುದಕ್ಕೂ ನಾಚಿಕೆ. ಬೇರೆ ಬಟ್ಟೆಯ ಅಡಿಯಲ್ಲಿ ಅದು ಹಸಿಯಾಗಿಯೇ ಉಳಿಯುತ್ತದೆ, ಸೋಂಕು ತರುತ್ತದೆ. ಸರಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ಪ್ಯಾಡ್ ಕೊಡುವ 'ಶುಚಿ' ಯೋಜನೆ ಕೆಲವು ವರ್ಷ ನಿಂತೇ ಹೋಗಿ 2024ರಲ್ಲಿ ಮತ್ತೆ ಶುರುವಾಯಿತು. ನಿಂತಿದ್ದಷ್ಟು ಕಾಲ ನಮ್ಮ ಯಾವ ಸಂಘಟನೆಯ ಮನವಿಪತ್ರದಲ್ಲಿ ಅದರ ಪ್ರಸ್ತಾಪವಿತ್ತು?

ರಮಝಾನಿನ ಒಂದು ನಾಟಕವಂತೂ ಮನೆಮನೆಯದು. ಮುಟ್ಟಾದ ಹೆಣ್ಣಿಗೆ ಉಪವಾಸವಿಲ್ಲ, ನಮಾಝಿಲ್ಲ. ಇದು ಶರೀಅತ್ತೇ ಕೊಟ್ಟ ವಿನಾಯಿತಿ. ಮದ್ರಸ ಮೆಟ್ಟಿಲು ಹತ್ತಿದ ಪ್ರತಿ ಗಂಡಸಿಗೂ ಇದು ಗೊತ್ತು. ಆದರೂ ಆ ದಿನಗಳಲ್ಲಿ ಮನೆಯ ಹೆಣ್ಣುಮಕ್ಕಳು ಸಹರಿಗೆ ಎದ್ದು ಉಂಡಂತೆ ಮಾಡುತ್ತಾರೆ, ಹಗಲಿಡೀ ಅಡುಗೆಮನೆಯ ಬಾಗಿಲ ಹಿಂದೆ ಒಂದು ಲೋಟ ನೀರನ್ನು ಕಳ್ಳರಂತೆ ಕುಡಿಯುತ್ತಾರೆ, ಇಫ್ತಾರಿಗೆ ಎಲ್ಲರ ಜೊತೆ ಖರ್ಜೂರ ಹಿಡಿದು ಬಾಂಗಿಗೆ ಕಾಯುತ್ತಾರೆ. ಕೆಲವರು ಅದೂ ಬೇಡವೆಂದು ಏನೂ ತಿನ್ನದೆ, ಕುಡಿಯದೆ ಇದ್ದುಬಿಡುತ್ತಾರೆ. ಅಲ್ಲಾಹನು ಕೊಟ್ಟ ಸಡಿಲಿಕೆಯನ್ನು ಅಪ್ಪ, ಅಣ್ಣ, ಮೈದುನರ ಮುಂದೆ ಬಚ್ಚಿಡಬೇಕಾದ ಈ ಸ್ಥಿತಿಗೆ ನಾವು ಹಯಾ ಎಂದು ಹೆಸರಿಟ್ಟಿದ್ದೇವೆ. ಹಯಾ ಈಮಾನಿನ ಭಾಗ, ಒಪ್ಪಿದೆವು. ಆದರೆ ಆ ಹುಡುಗಿ ಬಾಗಿಲ ಹಿಂದೆ ನೀರು ಕುಡಿಯುತ್ತಿರುವುದು ಹಯಾದಿಂದಲ್ಲ, ಹೆದರಿಕೆಯಿಂದ. 'ಇವತ್ತು ರೋಝಾ ಇಲ್ಲವಾ?' ಎಂದು ಕಣ್ಣು ಮಿಟುಕಿಸಿ ಕೇಳುವ ಸೋದರ ಸಂಬಂಧಿಯೊಬ್ಬ ಪ್ರತಿ ಮನೆಯಲ್ಲಿ ಇರುತ್ತಾನೆ. ಅವನ ಬಾಯಿ ಮುಚ್ಚಿಸುವ ಹಿರಿಯರು ಮಾತ್ರ ಇರುವುದಿಲ್ಲ.

ಈ ಮೌನಕ್ಕೆ ದೇಹ ದಂಡ ಕಟ್ಟುತ್ತದೆ. ಬೆಳಗಿನ ಕತ್ತಲಿಗೆ ಒಮ್ಮೆ, ರಾತ್ರಿಯ ಕತ್ತಲಿಗೆ ಒಮ್ಮೆ ಹೊರಗೆ ಹೋಗಬೇಕಾದವಳು ಹಗಲು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾಳೆ. ರಾಯಚೂರಿನ ಏಪ್ರಿಲ್, ಮೇ ಬಿಸಿಲಿನಲ್ಲಿ ಭತ್ತದ ಕಣದಲ್ಲೋ ಹತ್ತಿಯ ಹೊಲದಲ್ಲೋ ದುಡಿಯುವವಳು ನೀರು ಕುಡಿಯದಿದ್ದರೆ ಏನಾಗುತ್ತದೆ ಎಂದು ಹೇಳಲು ವೈದ್ಯರೇ ಬೇಕಿಲ್ಲ. ಉರಿಮೂತ್ರ, ಮೂತ್ರಕೋಶದ ಸೋಂಕು, ಮಲಬದ್ಧತೆ, ಮೂಲವ್ಯಾಧಿ. ಬಸುರಿಯಾದರೆ ಅಪಾಯ ಇನ್ನೂ ಹೆಚ್ಚು. ಹೆರಿಗೆಯ ಹೊತ್ತಿನಲ್ಲಿ ಗಾಯವಾಗಿ ಮೂತ್ರ ತಡೆಯಲಾಗದೆ ಸೋರುವ ಹೆಂಗಸರು ವರ್ಷಗಟ್ಟಲೆ ಯಾರಿಗೂ ಹೇಳದೆ ಬದುಕುತ್ತಾರೆ; ಶಸ್ತ್ರಚಿಕಿತ್ಸೆಯಿಂದ ಸರಿಯಾಗಬಲ್ಲ ತೊಂದರೆಯದು ಎಂಬುದೂ ಅವರಿಗೆ ತಿಳಿದಿರುವುದಿಲ್ಲ. ಮದುವೆಮನೆಗೆ ಹೋಗುವುದಿಲ್ಲ, ನಮಾಝಿನ ಚಾಪೆಯ ಮೇಲೂ ಅಳುಕು. ವಾಸನೆಗೆ ಮೂಗು ಮುಚ್ಚಿದ ನೆರೆಯವರಿಗೆ ಅವಳು ಮಾಸಿದ ಸೀರೆಯವಳು. ಗಂಡಸರೂ ಇದರಿಂದ ತಪ್ಪಿಸಿಕೊಂಡಿಲ್ಲ. ಮಲದಲ್ಲಿ ರಕ್ತ ಕಂಡರೆ 'ಉಷ್ಣ ಆಗಿದೆ' ಎಂದು ಮಜ್ಜಿಗೆ ಕುಡಿಯುವವರು, ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ 'ಗ್ಯಾರಂಟಿ ಇಲಾಜು' ಚೀಟಿ ನಂಬಿ ಗುಟ್ಟಾಗಿ ಹೋಗಿ ಕೈ ಸುಟ್ಟುಕೊಂಡವರು ಎಷ್ಟು ಜನ! ಕರುಳಿನ ಕ್ಯಾನ್ಸರ್ ಮೊದಲು ಕಾಣಿಸಿಕೊಳ್ಳುವುದು ಹಾಗೆಯೂ ಇರಬಹುದು. ವೈದ್ಯರ ಮುಂದೆ ಬಾಯಿ ಬಿಡಲು ನಾಚಿದವನ ಕಾಯಿಲೆ ಮಾತ್ರ ನಾಚುವುದಿಲ್ಲ, ಬೆಳೆಯುತ್ತದೆ.

ಪತ್ರಿಕೆಗಳ ಭಾಷೆಯಲ್ಲೂ ಈ ಮುಸುಕು ಇದೆ. 2022ರ ಮೇ, ಜೂನ್ ಹೊತ್ತಿಗೆ ರಾಯಚೂರು ನಗರದಲ್ಲಿ ನಲ್ಲಿ ನೀರು ಕುಡಿದು ಜನ ಆಸ್ಪತ್ರೆ ಸೇರಿದರು, ಹಲವರು ಸತ್ತರು. 2023ರ ಜೂನ್‌ನಲ್ಲಿ ಕೊಪ್ಪಳ ಜಿಲ್ಲೆಯ ಬಸರಿಹಾಳದಲ್ಲೂ ಸಾವಾಯಿತು. ಎಲ್ಲ ಸುದ್ದಿಯಲ್ಲೂ ಒಂದೇ ಪದ: 'ಕಲುಷಿತ ನೀರು'. ನೀರು ಯಾವುದರಿಂದ ಕಲುಷಿತವಾಯಿತು? ಚರಂಡಿಯ ಮೇಲೆ, ಚರಂಡಿಯ ಒಳಗೆ, ಚರಂಡಿಯ ಪಕ್ಕದಲ್ಲಿ ಹಾಯಿಸಿದ ಪೈಪು ಒಡೆದಾಗ ಅದರೊಳಗೆ ಹೋಗುವುದೇನು? ಸಂಸ್ಕೃತದ ಒಂದು ಪದ ಹಾಕಿದ್ದರಿಂದ ಓದುವವರ ಊಟ ಕೆಡಲಿಲ್ಲ, ಸರಿ. ಆದರೆ 'ಮನುಷ್ಯರ ಮಲ ಬೆರೆತ ನೀರು' ಎಂದು ಅಚ್ಚಾಗಿದ್ದರೆ ನಗರಸಭೆಯ ಬಾಗಿಲಿಗೆ ಜನ ಹೋಗುತ್ತಿದ್ದ ರೀತಿಯೇ ಬೇರೆಯಾಗುತ್ತಿತ್ತು. ಅಧಿಕಾರಿಗಳಿಗೆ ನಮ್ಮ ನಾಚಿಕೆ ಬಹಳ ಅನುಕೂಲದ್ದು.

ಇದೇ ನಾಚಿಕೆಯನ್ನು ಅವರು ಆಯುಧವಾಗಿಯೂ ಬಳಸಿದರು. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಶುರುವಾಯಿತು. ಮನೆಗೆ 12,000 ರೂಪಾಯಿ ಸಹಾಯಧನ. ಒಳ್ಳೆಯ ಕೆಲಸ, ಅಲ್ಲಗಳೆಯುವುದಿಲ್ಲ. ಆದರೆ ಗುರಿ ಮುಟ್ಟುವ ಅವಸರದಲ್ಲಿ ದೇಶದ ಹಲವೆಡೆ ನಸುಕಿನಲ್ಲಿ ಸೀಟಿ ಊದುವ ತಂಡಗಳು ಹೊಲಗಳಿಗೆ ನುಗ್ಗಿದವು. ಕೂತವರ ಕೊರಳಿಗೆ ಹಾರ ಹಾಕಿದರು, ಕೈಯಿಂದ ಚರಗಿ ಕಿತ್ತರು, ಫೋಟೋ ತೆಗೆದರು. 2017ರ ಜೂನ್‌ನಲ್ಲಿ ರಾಜಸ್ಥಾನದ ಪ್ರತಾಪಗಢದಲ್ಲಿ, ಬಯಲಿಗೆ ಹೋದ ಹೆಂಗಸರ ಫೋಟೋ ತೆಗೆಯುತ್ತಿದ್ದ ನಗರಸಭೆಯವರನ್ನು ಜಫರ್ ಎಂಬ ಎಡಪಕ್ಷದ ಕಾರ್ಯಕರ್ತರು ತಡೆದರು. ಅವರನ್ನು ಹೊಡೆದು ಕೊಂದರೆಂದು ಮನೆಯವರು ಆರೋಪಿಸಿದರು. ಹೃದಯಾಘಾತವೆಂದು ಪೊಲೀಸರು ಹೇಳಿದರು. ಸಾವಿನ ಕಾರಣದ ಬಗ್ಗೆ ಎರಡು ಮಾತಿರಬಹುದು, ಅವರು ಏಕೆ ಅಡ್ಡ ಬಂದರು ಎಂಬ ಬಗ್ಗೆ ಇಲ್ಲ. ಹೆಣ್ಣಿನ ಹಯಾ ಕಾಯುವ ಬಗ್ಗೆ ಗಂಟೆಗಟ್ಟಲೆ ಭಾಷಣ ಮಾಡುವ ನಮ್ಮ ವೇದಿಕೆಗಳಲ್ಲಿ ಈ ಹೆಸರು ಎಷ್ಟು ಸಲ ಬಂದಿದೆ?

2018ರಲ್ಲಿ ಕರ್ನಾಟಕ ಬಯಲು ಬಹಿರ್ದೆಸೆ ಮುಕ್ತವೆಂದು ಘೋಷಣೆಯಾಯಿತು, 2019ರಲ್ಲಿ ಇಡೀ ದೇಶ. ಆ ಘೋಷಣೆಯ ಆಸುಪಾಸಿನಲ್ಲೇ, 2019ರಿಂದ 21ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ದೇಶದ ಶೇ. 19ರಷ್ಟು ಮನೆಗಳು ಯಾವ ಶೌಚಾಲಯವನ್ನೂ ಬಳಸುತ್ತಿಲ್ಲವೆಂದಿತು. ಕಟ್ಟಿದ ಶೌಚಾಲಯದಲ್ಲಿ ಕಟ್ಟಿಗೆ, ಕುಳ್ಳು ತುಂಬಿಟ್ಟ ಮನೆಗಳನ್ನು ನೋಡಿ ನಗುವವರು, ಆ ಮನೆಗೆ ನಲ್ಲಿ ಇದೆಯೇ, ಕೊಡ ಹೊತ್ತು ನೀರು ತರುವವರು ಯಾರು ಎಂದೂ ನೋಡಬೇಕು. ಹೊತ್ತು ತಂದ ನೀರಿನಲ್ಲಿ ಸಂಡಾಸಕ್ಕೆ ಒಂದು ಬಕೆಟ್ ಸುರಿಯುವುದು ಸುಲಭದ ಮಾತಲ್ಲ.

ನಮ್ಮ ನೆರೆಯಲ್ಲೇ ಬೇರೆ ದಾರಿ ತೋರಿದವರಿದ್ದಾರೆ. ಗಂಗಾವತಿ ಬಳಿಯ ದಾನಾಪುರದ ಮಲ್ಲಮ್ಮ ಎಂಬ ಹದಿಹರೆಯದ ಹುಡುಗಿ 2015ರಲ್ಲಿ ಮನೆಗೆ ಶೌಚಾಲಯ ಬೇಕೆಂದು ಉಪವಾಸ ಕೂತಳು. ಬಟ್ಟೆ ಕೇಳಲಿಲ್ಲ, ಮೊಬೈಲು ಕೇಳಲಿಲ್ಲ. ಮನೆಯಲ್ಲಿ ದುಡ್ಡಿರಲಿಲ್ಲ. ವಿಷಯ ತಿಳಿದ ಗ್ರಾಮ ಪಂಚಾಯಿತಿಯ ಮುಖ್ಯಸ್ಥ ಮುಹಮ್ಮದ್ ಶಫಿ 18,000 ರೂಪಾಯಿ ಹೊಂದಿಸಿ ಒಂದು ವಾರದೊಳಗೆ ಕಟ್ಟಿಸಿಕೊಟ್ಟರು. 2016ರ ಆಗಸ್ಟ್‌ನಲ್ಲಿ ಪ್ರಧಾನಿಯವರು ಬಾನುಲಿ ಭಾಷಣದಲ್ಲಿ ಇಬ್ಬರ ಹೆಸರನ್ನೂ ಹೇಳಿದರು. ಹುಡುಗಿಯ ಹಟವನ್ನು ಎಲ್ಲರೂ ಹೊಗಳಿದರು, ಹೊಗಳಬೇಕಾದದ್ದೇ. ನಮಗೆ ಶಫಿಯವರದ್ದೂ ದೊಡ್ಡದಾಗಿ ಕಾಣುತ್ತದೆ. ಪರರ ಮನೆಯ ಹುಡುಗಿ ಇಂಥ ವಿಷಯ ಬಾಯಿ ಬಿಟ್ಟು ಕೇಳಿದಾಗ ಅವರು ನಗಲಿಲ್ಲ, ಮುಖ ತಿರುಗಿಸಲಿಲ್ಲ, ಉಪದೇಶಕ್ಕೂ ನಿಲ್ಲಲಿಲ್ಲ. ಇಟ್ಟಿಗೆ ತರಿಸಿದರು.

ಆದರೆ ಕಟ್ಟಿದ ಗುಂಡಿ ಒಂದು ದಿನ ತುಂಬುತ್ತದಲ್ಲ, ಆಗ? ಬಚ್ಚಿಟ್ಟ ನಾಚಿಕೆಯನ್ನೆಲ್ಲ ತಲೆಯ ಮೇಲೆ ಹೊತ್ತ ಜನರ ಮಾತಿಗೆ ಈಗ ಬರಬೇಕು. ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು 1970ರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿ ಮುಂದಾದರು. 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಬಂತು. ನಡುವೆ 2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ತಲೆಮಾರುಗಳಿಂದ ಊರಿನ ಮಲ ಬಳಿದ ಭಂಗಿ ಕುಟುಂಬಗಳನ್ನು ಇದ್ದ ಜಾಗದಿಂದ ಎಬ್ಬಿಸಲು ಪುರಸಭೆ ಹೊರಟಾಗ, ಅವರು ಪುರಸಭೆಯ ಮುಂದೆಯೇ ಅದೇ ಮಲವನ್ನು ಮೈಮೇಲೆ ಸುರಿದುಕೊಂಡು ಪ್ರತಿಭಟಿಸಿದರು. ಅಂದು ನಾಡಿಗೆ ನಾಡೇ ಮೂಗು ಮುಚ್ಚಿಕೊಂಡು ನೋಡಿತು. ಸವಣೂರು ನವಾಬರ ಊರು. ನಮ್ಮ ಇತಿಹಾಸದ ಹೆಮ್ಮೆಯ ಪಟ್ಟಿಯಲ್ಲಿ ಅದಿದೆ. ಆ ಹೆಮ್ಮೆಯ ಹಿತ್ತಲನ್ನು ಬಳಿದವರೂ ಆ ಇತಿಹಾಸದವರೇ.

ಇದನ್ನು ಹಿಂದೂ ಸಮಾಜದ ರೋಗವೆಂದು ಹೇಳಿ ಕೈ ತೊಳೆದುಕೊಳ್ಳುವುದು ನಮ್ಮಲ್ಲಿ ರೂಢಿಯಾಗಿದೆ. ಉತ್ತರ ಹಿಂದೂಸ್ತಾನದ ಮುಸ್ಲಿಮರಲ್ಲಿ ಹಲಾಲ್‌ಖೋರ್ ಎಂಬ ಸಮುದಾಯವಿದೆ. ಹಲಾಲಾದದ್ದನ್ನು ಉಣ್ಣುವವರು ಎಂದು ಅರ್ಥ. ಜಾಡಮಾಲಿಗಳಿಗೆ ಈ ಹೆಸರನ್ನು ಬಳಕೆಗೆ ತಂದದ್ದು ಅಕ್ಬರ್ ಬಾದಶಹ ಎಂದು ಐನೆ ಅಕ್ಬರಿ ಹೇಳುತ್ತದೆ. ಇನ್ನೊಂದು ಹೆಸರು ಮೆಹತರ್, ಫಾರ್ಸಿಯಲ್ಲಿ ದೊಡ್ಡವನು, ನಾಯಕ. ಎಂಥ ಸವಿಯಾದ ಹೆಸರುಗಳು! ಮಸೀದಿಯ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತೇವೆ, ನಿಜ. ಅದೇ ಭುಜಕ್ಕೆ ಹೆಣ್ಣು ಕೊಡುವ ಮಾತು ಬಂದಾಗ ನಮಗೂ ವಾಸನೆ ಬರತೊಡಗುತ್ತದೆ. ಶುಚಿತ್ವ ಈಮಾನಿನ ಅರ್ಧ ಎಂದು ಗೋಡೆಯ ಮೇಲೆ ಬರೆಸಿದ ಸಮಾಜ, ಶುಚಿ ಮಾಡುವವನನ್ನು ಮನೆಯ ಹೊಸ್ತಿಲಿನ ಹೊರಗೆ ನಿಲ್ಲಿಸಿ ಚಹಾ ಕೊಡುತ್ತದೆ, ಅದೂ ಬೇರೆ ಲೋಟದಲ್ಲಿ.

ಹಾಗಾದರೆ ನಗಲೇಬಾರದೇ ಎಂದು ಕೇಳುವವರಿದ್ದಾರೆ. ಯಾರು ಬೇಡವೆಂದರು? ಬಯಲಿಗೆ ಒಟ್ಟಿಗೆ ಹೋಗುವ ಹೆಂಗಸರ ನಡುವೆ ಹುಟ್ಟುವ ನಗೆಯನ್ನು ಕೇಳಿದವರಿಗೆ ಅದರ ಸೊಗಸು ಗೊತ್ತು. ಅತ್ತೆಯ ಹೊಟ್ಟೆಯಿಂದ ಹಿಡಿದು ಊರ ಯಜಮಾನನ ಮೂಲವ್ಯಾಧಿಯವರೆಗೆ ಅಲ್ಲಿ ಯಾರಿಗೂ ಮಾಫಿಯಿಲ್ಲ. ಅದು ಕೆಳಗಿನವರು ಮೇಲಿನವರನ್ನು ಕುರಿತು ನಗುವ ನಗೆ. ನಮ್ಮ ಬಾಧೆ, ನಿಮ್ಮ ಬಾಧೆ ಒಂದೇ ಎಂದು ಒಪ್ಪಿಕೊಂಡ ನಗೆ. ಮಗು ಎಲ್ಲರ ಮುಂದೆ ಜೋರಾಗಿ ಸದ್ದು ಮಾಡಿ ತಾನೇ ಕಿಲಕಿಲನೆ ನಕ್ಕಾಗ ಮನೆಯೆಲ್ಲ ನಗುತ್ತದೆ, ಅದರಲ್ಲೂ ತಪ್ಪೇನಿಲ್ಲ. ಆ ಹೆಂಗಸರ ನಗೆಯನ್ನು ಮುಂದಿಟ್ಟುಕೊಂಡು, ಮನೆಯೊಳಗೆ ಸಂಡಾಸ ಬಂದು ಹೆಂಗಸರಿಗೆ ಸಿಗುತ್ತಿದ್ದ ಸ್ವಾತಂತ್ರ್ಯದ ಗಳಿಗೆ ಹೋಯಿತು ಎಂದು ನಿಟ್ಟುಸಿರು ಬಿಡುವ ಕೆಲವು ಪಟ್ಟಣದ ಪಂಡಿತರಿದ್ದಾರೆ. ಅವರು ಒಂದು ಮಳೆಗಾಲ, ಹೊಟ್ಟೆ ಕೆಟ್ಟ ಒಂದು ರಾತ್ರಿ, ಬ್ಯಾಟರಿ ಹಿಡಿದು ಕಾಲುವೆ ಏರಿಗೆ ಹೋಗಿ ಬರಲಿ. ಸೊಸೆಯಂದಿರು ನಾಲ್ಕು ಮಾತಾಡಲು ಸಿಗುವ ಏಕೈಕ ಜಾಗ ಬಯಲು ಎನ್ನುವುದಾದರೆ, ದೋಷವಿರುವುದು ಮನೆಯಲ್ಲಿ.

ಇಂಥದ್ದನ್ನೆಲ್ಲ ಮಸೀದಿಯಲ್ಲಿ ಮಾತಾಡಬಾರದು ಎಂಬ ಆಕ್ಷೇಪಕ್ಕೆ ಮೇಲೆಯೇ ಉತ್ತರವಿದೆ. ಮಸ್ಜಿದುನ್ನಬವಿಯಲ್ಲಿ ಮಾತಾಡಬಹುದಾಗಿದ್ದ ವಿಷಯ ಸಿಂಧನೂರಿನ, ಮಸ್ಕಿಯ, ಬಳಗಾನೂರಿನ ಮಸೀದಿಗಳಲ್ಲಿ ಏಕೆ ಬಾರದು? ವರ್ಷದ 52 ಜುಮಾಗಳಲ್ಲಿ ಎರಡನ್ನು ಇದಕ್ಕೆ ಕೊಡಿ. ಒಂದು ಜುಮಾ ರಮಝಾನಿಗೆ ಮುಂಚೆ ಇರಲಿ. ಮನೆಯ ಹೆಣ್ಣುಮಕ್ಕಳು ಅಡಗಿ ನೀರು ಕುಡಿಯಬೇಕಾಗಿಲ್ಲ ಎಂದು ಖತೀಬರು ಗಂಡಸರಿಗೆ ಕನ್ನಡದಲ್ಲೋ ಉರ್ದುವಿನಲ್ಲೋ ಬಿಡಿಸಿ ಹೇಳಲಿ. ಇನ್ನೊಂದು ಬೇಸಿಗೆಯಲ್ಲಿ, ಊರಿನ ನೀರಿನ ಪೈಪು ಚರಂಡಿಯಲ್ಲಿ ಹಾಯುತ್ತಿದೆಯೇ ಎಂದು ನೋಡಿ ಬಂದು ಮಾತಾಡಲಿ.

ಮಾತಿನ ಜೊತೆಗೆ ಒಂದು ಸಣ್ಣ ಕೆಲಸವೂ ಇದೆ. ಹೆದ್ದಾರಿಯ ಬದಿಯಲ್ಲಿ, ಪೇಟೆಯ ನಡುವೆ ನಮ್ಮ ಮಸೀದಿಗಳಿವೆ. ಬಹಳ ಕಡೆ ಹಿಂಬದಿಗೆ ನಾಲ್ಕೈದು ಶೌಚಾಲಯ, ಮೇಲೆ ನೀರಿನ ಟಾಂಕಿ, ಸಾಲು ನಲ್ಲಿ. ಎಲ್ಲವೂ ಗಂಡಸರಿಗೆ. ಸಂತೆಗೆ ಬಂದ ಹೆಂಗಸು, ಆಸ್ಪತ್ರೆಗೆ ಮಗುವನ್ನು ಎತ್ತಿಕೊಂಡು ಬಂದ ತಾಯಿ, ಬಸ್ಸಿಗೆ ಕಾದು ನಿಂತ ಕಾಲೇಜು ಹುಡುಗಿ ಆ ಗೋಡೆಯ ಪಕ್ಕದಲ್ಲೇ ಹೊಟ್ಟೆ ಹಿಡಿದುಕೊಂಡು ನಿಂತಿರುತ್ತಾಳೆ. ಅವಳು ಬುರ್ಖಾದವಳೇ ಇರಲಿ, ಕುಂಕುಮದವಳೇ ಇರಲಿ. ಬೀದಿಗೆ ತೆರೆಯುವಂತೆ ಬೇರೆ ಬಾಗಿಲಿಟ್ಟು ಎರಡು ಶೌಚಾಲಯ, ಒಳಗಿನಿಂದ ಹಾಕಿಕೊಳ್ಳಲು ಗಟ್ಟಿ ಚಿಲಕ, ಒಂದು ಬಲ್ಬು, ಮುಚ್ಚಳವಿರುವ ಒಂದು ಡಬ್ಬಿ, ತೊಳೆಯುವವರಿಗೆ ತಿಂಗಳ ಸರಿಯಾದ ಸಂಬಳ ಮತ್ತು ಕಮಿಟಿಯ ಸಭೆಯಲ್ಲಿ ಒಂದು ಕುರ್ಚಿ. ಮಿನಾರಕ್ಕೆ ಬಣ್ಣ ಹೊಡೆಸುವುದಕ್ಕಿಂತ ಖರ್ಚು ಕಡಿಮೆ. ಮುಂದಿನ ಚಂದಾ ಪುಸ್ತಕ ಅಚ್ಚಾಗುವ ಮೊದಲು ಕಮಿಟಿಯವರು ಇದನ್ನು ಕಾರ್ಯಸೂಚಿಯಲ್ಲಿ ಹಾಕಲಿ. ಹಾಕುವಾಗ 'ಇತರೆ ವಿಷಯಗಳು' ಎಂಬುದರ ಅಡಿಯಲ್ಲಿ ಸೇರಿಸದೆ, ಶೌಚಾಲಯ ಎಂದೇ ಬರೆಯಲಿ.